ಮನೆಯ ರೆಕಾರ್ಡಿಂಗಿಗೆ ಬೇರೆ ಪ್ರಿಆಂಪ್ ಬೇಕೇ?

ಶಿರಸಿಯ ಮನೆಯಲ್ಲಿ ಭಾಗವತಿಕೆ ರೆಕಾರ್ಡ್ ಮಾಡಲು ಪ್ರತ್ಯೇಕ ಪ್ರಿಆಂಪ್ ಬೇಕೇ ಎಂದು ಕೇಳಿದ್ದೀರಿ. ಬೇಡ; ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಆಡಿಯೋ ಇಂಟರ್‌ಫೇಸಿನೊಳಗೆ ಇರುವುದೇ ಸಾಕು. ಮೈಕಿನಿಂದ ಬರುವುದು ಕೆಲವೇ ಮಿಲಿವೋಲ್ಟ್. ಅದನ್ನು ಹಿಗ್ಗಿಸುವುದು ಪ್ರಿಆಂಪಿನ ಕೆಲಸ. ಹಿಗ್ಗಿಸಿದಷ್ಟೂ ಹಿನ್ನೆಲೆಯ ‘ಸ್ಸ್’ ಸದ್ದೂ ಹಿಗ್ಗುತ್ತದೆ. ಕಂಡೆನ್ಸರ್ ಮೈಕಿನ ಸಂಕೇತ ಮೊದಲೇ ಬಲವಾಗಿರುವುದರಿಂದ ಹಿಗ್ಗಿಸುವ ಗುಂಡಿಯನ್ನು ಅರ್ಧ ತಿರುಗಿಸಿದರೂ ನಡೆಯುತ್ತದೆ. ಅದಕ್ಕೆ ಕೇಬಲ್ಲಿನಲ್ಲೇ ಹರಿಯುವ 48 ವೋಲ್ಟ್ ಫ್ಯಾಂಟಮ್ ಪವರ್ ಇರಬೇಕು, ಅಷ್ಟೇ. ಫ್ಯಾಂಟಮ್ ಪವರ್ ಬೇಡದ, ಆದರೆ ಸಂಕೇತ ಕ್ಷೀಣವಾದ ಶ್ಯೂರ್ ಎಸ್‌ಎಂ7ಬಿಯಂಥ ಡೈನಮಿಕ್ ಮೈಕಿಗೆ ಮಾತ್ರ ಸುಮಾರು 60 ಡೆಸಿಬೆಲ್, ಅಂದರೆ ಸಾವಿರ ಪಟ್ಟು ವರ್ಧನೆ ಬೇಕು; ಕೊಳ್ಳುವ ಮುನ್ನ ಇಂಟರ್‌ಫೇಸಿನ ವಿವರಪಟ್ಟಿಯಲ್ಲಿ ಅಷ್ಟು ವರ್ಧನೆ (gain) ಇದೆಯೇ ನೋಡಿ. ಜೋರು ಸದ್ದಿನ ಚೆಂಡೆಗೆ ಈ ಚಿಂತೆಯೇ ಇಲ್ಲ. ನನ್ನ ರೆಕಾರ್ಡಿಂಗುಗಳನ್ನು ಕೆಡಿಸಿದ್ದಂತೂ ಪ್ರಿಆಂಪ್ ಅಲ್ಲ, ಆಷಾಢದಲ್ಲಿ ತಗಡಿನ ಮಾಡಿನ ಮೇಲೆ ಸುರಿದ ಮಳೆ.