ನಿಮ್ಮ ಲೇಖನ ಯಾಕೆ ವಾಪಸ್ ಬರುತ್ತಿದೆ ಅಂದರೆ

ನಮಸ್ಕಾರ.

‘ಕ್ಯಾನ್ಸರ್: ತಪ್ಪು ಜೀನಿನದೋ ತಟ್ಟೆಯದೋ?’ ಓದಿದೆ. ಈಗಿರುವ ಹಾಗೆ ಹಾಕಲಾಗುವುದಿಲ್ಲ. ಭಾಷೆ ಸಲೀಸಾಗಿದೆ, ಓದಿಸಿಕೊಂಡು ಹೋಗುತ್ತದೆ. ಓದಿದವರು ನಂಬಿಬಿಡುತ್ತಾರೆ ಎಂಬುದೇ ನನ್ನ ಚಿಂತೆ.

ಮೊದಲರ್ಧದಲ್ಲಿ ಜೀನು, ಉಳಿದರ್ಧದಲ್ಲಿ ಆಹಾರ. ಎರಡೂ ಎಲ್ಲಿಯೂ ಎದುರಾಗುವುದೇ ಇಲ್ಲ. ಹೇಳಬೇಕಾದ ಸಂಗತಿ ಇರುವುದೇ ಅವೆರಡೂ ಸೇರುವ ಕಡೆ. ಎಂಟಿಎಚ್‌ಎಫ್‌ಆರ್ ಅನ್ನು ‘ದೋಷವುಳ್ಳ ಜೀನು’ ಎಂದು ಒಂದೇ ಸಾಲಿನಲ್ಲಿ ದಾಟಿಸಿದ್ದೀರಲ್ಲ, ನಿಮ್ಮ ಲೇಖನ ಅಲ್ಲಿ ಅಡಗಿ ಕೂತಿದೆ.

ಈ ಜೀನು ತಯಾರಿಸುವ ಕಿಣ್ವ ಫೋಲೇಟ್ ಎಂಬ ಬಿ ಜೀವಸತ್ವವನ್ನು ಒಂದು ರೂಪದಿಂದ ಇನ್ನೊಂದಕ್ಕೆ ತಿರುಗಿಸುತ್ತದೆ. ಮೊದಲ ರೂಪ ಡಿಎನ್‌ಎ ಕಟ್ಟಲು ಬೇಕು, ಎರಡನೆಯದು ಡಿಎನ್‌ಎಗೆ ಮೀಥೈಲ್ ಗುರುತು, ಅಂದರೆ ಜೀನುಗಳ ಕೆಲಸವನ್ನು ಹತೋಟಿಯಲ್ಲಿಡುವ ರಾಸಾಯನಿಕ ಗುರುತು, ಹಾಕುವ ಕೆಲಸಕ್ಕೆ. ಜೀನಿನ 677ನೇ ಜಾಗದಲ್ಲಿ ಒಂದಕ್ಷರ ಬದಲಾದರೆ ಕಿಣ್ವ ಮಂದವಾಗುತ್ತದೆ. ತಂದೆ ತಾಯಿ ಇಬ್ಬರಿಂದಲೂ ಆ ಬದಲಾವಣೆ ಬಂದವರಲ್ಲಿ ಅದು ಇನ್ನೂ ಮಂದ. ಹಾಗಾದರೆ ಕೆಟ್ಟದ್ದೇ? ಅಷ್ಟು ಸುಲಭವಲ್ಲ. ಊಟದಲ್ಲಿ ಫೋಲೇಟ್ ಸಾಕಷ್ಟಿದ್ದಾಗ ಇಂಥವರಿಗೆ ದೊಡ್ಡ ಕರುಳಿನ ಕ್ಯಾನ್ಸರ್ ಉಳಿದವರಿಗಿಂತ ಕಡಿಮೆ ಎಂದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಡಿಎನ್‌ಎ ಕಟ್ಟುವ ರೂಪ ಅವರಲ್ಲಿ ಹೆಚ್ಚು ಉಳಿಯುವುದು ಇದಕ್ಕೆ ಕಾರಣವಿರಬಹುದು. ಫೋಲೇಟ್ ಕಡಿಮೆಯಾದರೆ, ಮದ್ಯ ಹೆಚ್ಚಾದರೆ ಆ ಲಾಭ ಕರಗಿಹೋಗುತ್ತದೆ. ಡಿಎನ್‌ಎಯಲ್ಲಿ ಥೈಮಿನ್ ಎಂಬ ಅಕ್ಷರ ಕೂರಬೇಕಾದ ಕಡೆ ಯುರಾಸಿಲ್ ಎಂಬ ತಪ್ಪು ಅಕ್ಷರ ಬಂದು ಕೂರುತ್ತದೆ, ದುರಸ್ತಿ ಕಿಣ್ವಗಳು ಅದನ್ನು ಕೀಳುತ್ತವೆ, ಮತ್ತೆ ಬಂದು ಕೂರುತ್ತದೆ. ಕಿತ್ತು ಕಿತ್ತು ಕೊನೆಗೆ ಡಿಎನ್‌ಎ ಎಳೆಯೇ ತುಂಡಾಗುತ್ತದೆ. ಅದೇ ಜೀನು, ಊಟ ಬೇರೆ, ಫಲ ಬೇರೆ. ಇದನ್ನು ಎರಡು ಪುಟ ಬರೆಯಿರಿ, ನಾನು ಬೇಸರಪಡುವುದಿಲ್ಲ.

‘ಹಾಗಿದ್ದರೆ ಫೋಲಿಕ್ ಆಮ್ಲದ ಮಾತ್ರೆ ನುಂಗೋಣ’ (ಫೋಲೇಟಿನ ಕೃತಕ ರೂಪ ಅದು) ಎಂದು ಓದುಗ ಹೊರಡುತ್ತಾನೆ. ಅವನನ್ನು ಬಾಗಿಲಲ್ಲೇ ನಿಲ್ಲಿಸಿ. 1948ರಲ್ಲಿ ಅಮೆರಿಕದ ವೈದ್ಯ ಸಿಡ್ನಿ ಫಾರ್ಬರ್ ರಕ್ತಕ್ಯಾನ್ಸರ್ ಇದ್ದ ಮಕ್ಕಳಿಗೆ ಕೊಟ್ಟದ್ದು ಫೋಲೇಟಿಗೆ ಅಡ್ಡಗಾಲು ಹಾಕುವ ಔಷಧ. ಕೆಲವರಲ್ಲಿ ರೋಗ ತಾತ್ಕಾಲಿಕವಾಗಿ ಹಿಂದೆ ಸರಿಯಿತು. ಬೆಳೆಯುವ ಗಡ್ಡೆಗೂ ಫೋಲೇಟ್ ಬೇಕು. ಮುಂದೆ ಕ್ಯಾನ್ಸರ್ ಆಗಬಹುದಾದ ಕರುಳಿನ ಗಂಟು ತೆಗೆಸಿಕೊಂಡವರಿಗೆ ದಿನಕ್ಕೆ 1 ಮಿಲಿಗ್ರಾಂ ಫೋಲಿಕ್ ಆಮ್ಲ ಕೊಟ್ಟು ನೋಡಿದ, 2007ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಹೊಸ ಗಂಟುಗಳೇನೂ ಕಡಿಮೆಯಾಗಲಿಲ್ಲ.

ಇನ್ನು ನಿಮ್ಮ ‘ಕ್ಯಾನ್ಸರ್ ತಡೆಯುವ ಹತ್ತು ಆಹಾರಗಳು’. ಪೂರ್ತಿ ತೆಗೆಯಿರಿ. ಅದರಲ್ಲೂ ಬೀಟಾ ಕ್ಯಾರೋಟಿನ್ (ಗಜ್ಜರಿಯಂಥ ತರಕಾರಿಗಳ ಕಿತ್ತಳೆ ವರ್ಣವಸ್ತು) ಮಾತ್ರೆ ಶ್ವಾಸಕೋಶಕ್ಕೆ ರಕ್ಷೆ ಎಂಬ ಮಾತು ಅಪಾಯದ್ದು. ಫಿನ್ಲೆಂಡಿನಲ್ಲಿ 29,133 ಗಂಡು ಧೂಮಪಾನಿಗಳ ಮೇಲೆ ನಡೆದ ಪ್ರಯೋಗದ ಫಲಿತಾಂಶ 1994ರಲ್ಲಿ ಬಂತು: ಮಾತ್ರೆ ತಿಂದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ. 18ರಷ್ಟು ಹೆಚ್ಚು. ಅಮೆರಿಕದ ಇನ್ನೊಂದು ಪ್ರಯೋಗವನ್ನು 1996ರಲ್ಲಿ ಅರ್ಧದಲ್ಲೇ ನಿಲ್ಲಿಸಬೇಕಾಯಿತು. ಹಣ್ಣು ತರಕಾರಿ ತಿನ್ನುವವರಲ್ಲಿ ಕಂಡ ಒಳ್ಳೆಯದನ್ನು ಒಂದು ಗುಳಿಗೆಗೆ ಬರೆದುಕೊಟ್ಟರೆ ಹೀಗಾಗುತ್ತದೆ.

ಬಿಆರ್‌ಸಿಎ1 ಎಂಬ ಜೀನನ್ನೂ ಎಂಟಿಎಚ್‌ಎಫ್‌ಆರ್ ಅನ್ನೂ ಒಂದೇ ಸಾಲಿನಲ್ಲಿ ಕೂರಿಸಿದ್ದೀರಿ, ಅದು ಸಲ್ಲ. ಬಿಆರ್‌ಸಿಎ1ರ ಹಾನಿಕರ ರೂಪ ಇರುವ ಹೆಂಗಸರಲ್ಲಿ ನೂರಕ್ಕೆ 60ಕ್ಕೂ ಹೆಚ್ಚು ಮಂದಿಗೆ ಜೀವಮಾನದಲ್ಲಿ ಸ್ತನ ಕ್ಯಾನ್ಸರ್ ಬರುತ್ತದೆ. ಅಂಥವರಿಗೆ ಸೊಪ್ಪು ತಿನ್ನಿ ಎಂದು ಉಪದೇಶ ಮಾಡಿ ಸುಮ್ಮನಾಗುವುದು ಕ್ರೌರ್ಯ. ಎಂಟಿಎಚ್‌ಎಫ್‌ಆರ್ ತರಹದ್ದು ಕೋಟ್ಯಂತರ ಜನರಲ್ಲಿದೆ, ಒಬ್ಬೊಬ್ಬರ ಮೇಲೂ ಅದರ ಪ್ರಭಾವ ಸಣ್ಣದು. ಒಟ್ಟು ಕ್ಯಾನ್ಸರ್‌ಗಳಲ್ಲಿ ಬಿಆರ್‌ಸಿಎ1ರಂಥ ಬಲವಾದ ಆನುವಂಶಿಕ ದೋಷದಿಂದ ಬರುವವು ಶೇ. 5ರಿಂದ 10 ಮಾತ್ರ ಎಂಬುದನ್ನೂ ಸೇರಿಸಿ.

ಕೊನೆಯ ಪ್ಯಾರಾದಲ್ಲಿ ‘ಎಲ್ಲರೂ ಜೀನ್ ಪರೀಕ್ಷೆ ಮಾಡಿಸಿ, ಅದರಂತೆ ಊಟ ಮಾಡಿ’ ಎಂದಿದ್ದೀರಿ. ಕುಟುಂಬದಲ್ಲಿ ಹಲವರಿಗೆ, ಅದೂ ಚಿಕ್ಕ ವಯಸ್ಸಿನಲ್ಲಿ ಕ್ಯಾನ್ಸರ್ ಬಂದಿದ್ದರೆ ವೈದ್ಯರನ್ನೂ ಆನುವಂಶಿಕ ಸಲಹೆಗಾರರನ್ನೂ ಕಾಣಿ ಎಂದು ತಿದ್ದಿ. ಉಳಿದವರ ತಟ್ಟೆಯನ್ನು ಪರೀಕ್ಷೆಯ ವರದಿ ನೋಡಿ ನಿರ್ಧರಿಸುವಷ್ಟು ವಿಜ್ಞಾನ ಇನ್ನೂ ಕೈಗೆ ಬಂದಿಲ್ಲ.

ಇಷ್ಟು ತಿದ್ದಿದರೆ ಲೇಖನ ಅರ್ಧಕ್ಕೆ ಇಳಿಯಬಹುದು, ಇಳಿಯಲಿ. ಹೊಸ ಪ್ರತಿಯನ್ನು ನೇರ ನನಗೇ ಕಳಿಸಿ.