ಅಂಗೈಯಗಲದ ಕಾಗದ, ಒಂದಿಷ್ಟು ಜೇನುಮೇಣ

ಪ್ರಶ್ನೆ: ಮೇಡಂ, ಆರು ತಿಂಗಳಿಂದ ಇಸ್ತ್ರಿ ಪೆಟ್ಟಿಗೆಯಲ್ಲಿ ಮೇಣದ ಬಣ್ಣ ಕರಗಿಸಿ ಪೋಸ್ಟ್‌ಕಾರ್ಡ್ ಅಳತೆಯ ಅಮೂರ್ತ ಚಿತ್ರ ಮಾಡುತ್ತಿದ್ದೇನೆ. ವಿಡಿಯೊಗಳಲ್ಲಿ ಎಷ್ಟು ಚೆನ್ನಾಗಿ ಬರುತ್ತದೆ! ನನ್ನದು ಮಾತ್ರ ಬಣ್ಣವೆಲ್ಲ ಕಲಸಿ ಕೆಸರಾಗುತ್ತದೆ. ಕೆಲವು ಹಾಳೆಗಳಂತೂ ಬಜ್ಜಿ ಇಟ್ಟ ಪೇಪರಿನ ಹಾಗೆ ಜಿಡ್ಡು ಜಿಡ್ಡು. ಎಲ್ಲಿ ತಪ್ಪುತ್ತಿದ್ದೇನೆ?
– ಓದುಗರು, ಹಾಸನ

ಉತ್ತರ: ಶಾಖ ಜಾಸ್ತಿಯಾಗಿದೆ, ಕಾಗದ ಬೇರೆಯದಾಗಿದೆ. ಎರಡೂ ಸುಲಭವಾಗಿ ಸರಿಹೋಗುತ್ತವೆ.

ಮೊದಲು ಕಾಗದದ ವಿಷಯ. ಮಾಮೂಲಿ ಡ್ರಾಯಿಂಗ್ ಹಾಳೆ ಮೇಣವನ್ನು ಕುಡಿದುಬಿಡುತ್ತದೆ, ಅದಕ್ಕೇ ನಿಮಗೆ ಆ ಜಿಡ್ಡು ಕಾಣುವುದು. ಇಸ್ತ್ರಿ ಪೆಟ್ಟಿಗೆಯ ಕೆಲಸಕ್ಕೆ ಮೇಣ ಮೇಲೆಯೇ ಜಾರಾಡಬೇಕು, ಹಾಗಾಗಿ ಹೊಳಪಿನ ಕಾಗದ ಬೇಕು. ಪ್ರಿಂಟಿಂಗ್ ಪ್ರೆಸ್ಸಿನಲ್ಲಿ 'ಆರ್ಟ್ ಕಾರ್ಡ್, 300 ಜಿಎಸ್‌ಎಂ' ಅಂತ ಕೇಳಿ. ಕತ್ತರಿಸಿ ಉಳಿದ ಚೂರುಗಳೇ ನಿಮ್ಮ ಅಳತೆಗೆ ಸಾಕು. ಕರಗಿದ ಮೇಣವನ್ನು ಬ್ರಷ್‌ನಲ್ಲಿ ಬಳಿಯುವವರಿಗೆ ಇದರ ಉಲ್ಟಾ: ಅವರಿಗೆ ಮೇಣ ಹೀರಿಕೊಳ್ಳುವ ದಪ್ಪ ಕಾಗದವೇ ಬೇಕು, ಇಲ್ಲದಿದ್ದರೆ ಪದರ ಎದ್ದು ಬರುತ್ತದೆ.

ಇನ್ನು ಶಾಖ. ಜೇನುಮೇಣ ಕರಗುವುದಕ್ಕೆ 62ರಿಂದ 64 ಡಿಗ್ರಿ ಸೆಲ್ಸಿಯಸ್ ಸಾಕು. ಪೆಟ್ಟಿಗೆಯ ಗುಂಡಿಯನ್ನು ತೀರಾ ಕಡಿಮೆಗೆ ತಿರುಗಿಸಿ, ಮೇಣದ ತುಂಡನ್ನು ತಳಕ್ಕೆ ತಾಗಿಸಿ ನೋಡಿ. ಬೆಣ್ಣೆಯ ಹಾಗೆ ಮೆಲ್ಲಗೆ ಕರಗಿದರೆ ಸರಿ. ತಕ್ಷಣ ನೀರಾಗಿ ಹರಿದರೆ, ಅದಕ್ಕಿಂತ ಮುಖ್ಯವಾಗಿ ಹೊಗೆ ಬಂದರೆ, ಪ್ಲಗ್ ತೆಗೆದು ಕಾಯಿರಿ. ಆ ಹೊಗೆ ಕುಡಿಯುವಂಥದ್ದಲ್ಲ, ಕಿಟಕಿ ತೆರೆದಿರಲಿ. ಹಬೆಯ ತೂತಿಲ್ಲದ ಹಳೇ ಪೆಟ್ಟಿಗೆ ಇದ್ದರೆ ಒಳ್ಳೆಯದು, ತೂತಿನೊಳಗೆ ಮೇಣ ಸೇರಿಕೊಂಡರೆ ಮತ್ತೆ ಬಟ್ಟೆಗೆ ಆಗುವುದಿಲ್ಲ.

ಕೆಸರಾಗುವುದು ತಿಕ್ಕುವುದರಿಂದ. ಒಂದೇ ಜಾಗದಲ್ಲಿ ಹತ್ತು ಸಲ ಎಳೆದರೆ ಎಂಥ ಬಣ್ಣವಾದರೂ ಕಂದಾಗುತ್ತದೆ. ಎರಡೇ ಬಣ್ಣ ತೆಗೆದುಕೊಳ್ಳಿ, ಜೊತೆಗೆ ಬಣ್ಣವಿಲ್ಲದ ಮೇಣ. ನೀಲಿಯನ್ನು ತಳಕ್ಕೆ ಸವರಿ, ಕಾಗದದ ಮೇಲೆ ಒಂದೇ ಸಲ ಎಳೆಯಿರಿ. ತಳವನ್ನು ಹಳೇ ಬನಿಯನ್ ಬಟ್ಟೆಯಲ್ಲಿ ಒರೆಸಿ, ಆಮೇಲೆ ಇನ್ನೊಂದು ಬಣ್ಣ. ಈಗ ಎಳೆಯಬೇಡಿ, ಸುಮ್ನೆ ಇಟ್ಟು ನೇರ ಮೇಲಕ್ಕೆ ಎತ್ತಿ. ತಳ ಬಿಡುವಾಗ 'ಪಚ್' ಅಂತ ಸಣ್ಣ ಸದ್ದು ಬರುತ್ತದೆ. ಗಾಳಿ ಅಂಚಿನಿಂದ ಒಳನುಗ್ಗಿ, ಕರಗಿದ ಮೇಣವನ್ನು ಕವಲು ಕವಲಾಗಿ ಸೀಳಿಬಿಡುತ್ತದೆ, ಥೇಟ್ ಅರಳಿ ಎಲೆಯ ನರಗಳ ಹಾಗೆ. ಎರಡು ಸೆಕೆಂಡಿನಲ್ಲಿ ಅದು ಗಟ್ಟಿಯಾಗುವುದನ್ನು ನೋಡುವುದೇ ನನಗೆ ಈ ಕೆಲಸದಲ್ಲಿ ತುಂಬಾ ಇಷ್ಟ. ಅಲ್ಲಿಗೆ ಕೈ ನಿಲ್ಲಿಸಿ! ಇನ್ನೂ ಸ್ವಲ್ಪ ಚೆಂದ ಮಾಡೋಣ ಅಂತ ಮತ್ತೆ ಪೆಟ್ಟಿಗೆ ಇಟ್ಟರೆ ಆ ನರಗಳು ಹೋದವು ಅಂತಲೇ ಲೆಕ್ಕ.

ಪ್ರಶ್ನೆ: ನಮ್ಮ ಮನೆಯಲ್ಲಿ ಜೇನುಪೆಟ್ಟಿಗೆಗಳಿವೆ, ಮೇಣ ಬೇಕಾದಷ್ಟು ಸಿಗುತ್ತದೆ. ಅದರಲ್ಲೇ ಬಣ್ಣ ತಯಾರಿಸಬಹುದೇ? ಅರಿಸಿನ, ರಂಗೋಲಿ ಪುಡಿ ಹಾಕಿದರೆ ನಡೆಯುತ್ತದೆಯೇ?
– ಓದುಗರು, ಶಿರಸಿ

ಉತ್ತರ: ಮೇಣ ಧಾರಾಳವಾಗಿ ಬಳಸಿ, ನಿಮ್ಮ ಅದೃಷ್ಟ ಅದು. ಅಂಗಡಿಯ ಮೇಣದಬತ್ತಿ ಸಾಮಾನ್ಯವಾಗಿ ಪ್ಯಾರಫಿನ್‌ನದು. ಅದಕ್ಕೆ ಜೇನುಮೇಣದಷ್ಟು ಬಾಗುವ ಗುಣ ಇಲ್ಲ, ಕಾಗದ ಸ್ವಲ್ಪ ಬಾಗಿದರೂ ಚಕ್ಕೆ ಏಳುತ್ತದೆ.

ಜೇನುಹುಟ್ಟಿನ ತುಂಡುಗಳನ್ನು ನೀರಿನಲ್ಲಿ ಕರಗಿಸಿ, ಬಟ್ಟೆಯಲ್ಲಿ ಸೋಸಿ, ಆರಲು ಬಿಡಿ. ಮೇಲೆ ತೇಲಿ ಗಟ್ಟಿಯಾದ ಬಿಲ್ಲೆಯ ಅಡಿಯಲ್ಲಿ ಕಸ ಅಂಟಿರುತ್ತದೆ, ಅದನ್ನು ಹೆರೆದುಬಿಡಿ. ಈ ಮೇಣ ಹಳದಿ ಇರುತ್ತದೆ, ಹಾಗಾಗಿ ನೀಲಿ ಹಾಕಿದರೆ ಹಸಿರಿಗೆ ತಿರುಗುತ್ತದೆ. ತಿಳಿ ಬಣ್ಣ ಬೇಕಿದ್ದರೆ ತೆಳ್ಳಗೆ ಹೆರೆದು ಬಿಸಿಲಿಗೆ ಹರಡಿ, ಕೆಲವು ದಿನದಲ್ಲಿ ಬಿಳಿಚುತ್ತದೆ. ಆದರೆ ಮಟಮಟ ಮಧ್ಯಾಹ್ನ ಬೇಡ, ಅಂಟಿಕೊಂಡು ಮುದ್ದೆಯಾಗುತ್ತದೆ.

ಕಲಾವಿದರು ಇದಕ್ಕೆ ಡಮಾರ್ ಅನ್ನುವ ಮರದ ರಾಳ ಸೇರಿಸುತ್ತಾರೆ, ಮೇಣ ಗಟ್ಟಿಯಾಗಲಿ, ಹೊಳಪು ಬರಲಿ ಅಂತ. ತೂಕದಲ್ಲಿ ಎಂಟು ಪಾಲು ಮೇಣಕ್ಕೆ ಒಂದು ಪಾಲು ರಾಳ ಅನ್ನುವುದು ರೂಢಿಯ ಲೆಕ್ಕ. ಕಾಗದಕ್ಕೆ ಹಚ್ಚುವಾಗ ನಾನು ರಾಳ ಕಮ್ಮಿಯೇ ಹಾಕುತ್ತೇನೆ, ಅದು ಜಾಸ್ತಿಯಾದಷ್ಟೂ ಪದರ ಪೆಡಸಾಗುತ್ತದೆ.

ಅರಿಸಿನ ಬೇಡವೇ ಬೇಡ, ಬೆಳಕಿಗೆ ಅದರ ಬಣ್ಣ ಬೇಗ ಹಾರಿಹೋಗುತ್ತದೆ. ರಂಗೋಲಿ ಪುಡಿಯ ಬಣ್ಣವನ್ನೂ ನಾನು ನಂಬುವುದಿಲ್ಲ. ನಿಮ್ಮ ಕಡೆ ಹಸೆ ಚಿತ್ರಕ್ಕೆ ಕೆಮ್ಮಣ್ಣು ಬಳಸುತ್ತಾರಲ್ವಾ, ಅದನ್ನು ತನ್ನಿ! ಅದರ ಕೆಂಪು ಕಬ್ಬಿಣದ ತುಕ್ಕಿನ ಜಾತಿಯದು, ಬಿಸಿಲಿಗೆ ಮಾಸುವುದಿಲ್ಲ. ಚೆನ್ನಾಗಿ ಒಣಗಿಸಿ, ನುಣ್ಣಗೆ ಅರೆದು, ತೆಳು ಬಟ್ಟೆಯಲ್ಲಿ ಜಾಲಿಸಿ, ಕರಗಿದ ಮೇಣಕ್ಕೆ ಚಿಟಿಕೆ ಚಿಟಿಕೆಯಾಗಿ ಬೆರೆಸಿ. ಒಂದು ಹನಿ ನೀರಿನ ಪಸೆಯೂ ಇರಬಾರದು. ಜಾಲಿಸುವಾಗ ಮೂಗಿಗೆ ಮಾಸ್ಕ್ ಹಾಕಿಕೊಳ್ಳಿ.

ಮೇಣವನ್ನು ನೇರ ಒಲೆಯ ಮೇಲೆ ಇಡಬೇಡಿ, ಕುದಿಯುವ ನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಿ. ಅಕಸ್ಮಾತ್ ಬೆಂಕಿ ಹತ್ತಿದರೆ ನೀರು ಸುರಿಯಬಾರದು, ಉರಿ ಹಾರುತ್ತದೆ. ಒಲೆ ಆರಿಸಿ, ಪಾತ್ರೆಗೆ ಮುಚ್ಚಳ ಮುಚ್ಚಿ.

ಪ್ರಶ್ನೆ: ನಮ್ಮೂರ ಬೇಸಿಗೆಗೆ ಮೇಣದ ಚಿತ್ರ ಉಳಿಯುತ್ತದೆಯೇ? ಗಾಜು ಹಾಕಿ ಫ್ರೇಮ್ ಮಾಡಿಸಬಹುದೇ?
– ಓದುಗರು, ಕಲಬುರಗಿ

ಉತ್ತರ: ಉಳಿಯುತ್ತದೆ. ಈಜಿಪ್ಟಿನ ಫಯೂಮ್ ಎಂಬ ಕಡೆ ಮಮ್ಮಿಗಳ ಮುಖದ ಮೇಲೆ ಕಟ್ಟುತ್ತಿದ್ದ ಭಾವಚಿತ್ರಗಳಿವೆ, ಬಹಳಷ್ಟು ಮರದ ಹಲಗೆಯ ಮೇಲೆ ಮೇಣದ ಬಣ್ಣದಲ್ಲೇ ಬರೆದವು. ಸುಮಾರು 1,800 ವರ್ಷ ಕಳೆದರೂ ಆ ಕಣ್ಣುಗಳು ಇನ್ನೂ ನಮ್ಮನ್ನೇ ನೋಡುತ್ತವೆ. ಮೇಣದೊಳಗೆ ಕಾಗದವೂ ಉಳಿಯುತ್ತದೆ: ಅಮೆರಿಕದ ಜಾಸ್ಪರ್ ಜಾನ್ಸ್ 1954–55ರಲ್ಲಿ ಮಾಡಿದ ಬಾವುಟದ ಚಿತ್ರದಲ್ಲಿ ಮೇಣದ ಅಡಿಯಿಂದ ಸುದ್ದಿಪತ್ರಿಕೆಯ ಚೂರುಗಳು ಇಂದಿಗೂ ಇಣುಕುತ್ತವೆ.

ನಿಮ್ಮಲ್ಲಿ ಬೇಸಿಗೆ 44 ಡಿಗ್ರಿ ಮುಟ್ಟಿದರೂ ಗೋಡೆಯ ಮೇಲಿನ ಚಿತ್ರ ಕರಗುವುದಿಲ್ಲ. ಆದರೆ ಅಷ್ಟೊತ್ತಿಗೆ ಮೇಣ ಮೆತ್ತಗಾಗಿರುತ್ತದೆ, ಆಗ ತಾಗಿದ್ದಕ್ಕೆಲ್ಲ ಅಂಟುತ್ತದೆ. ಒಂದು ಏಪ್ರಿಲ್‌ನಲ್ಲಿ ನಾನು ನಾಲ್ಕು ಚಿತ್ರಗಳನ್ನು ಒಂದರ ಮೇಲೊಂದು ಪೇರಿಸಿ, ಕಾರಿನ ಹಿಂದಿನ ಸೀಟಿನಲ್ಲಿ ಬಿಟ್ಟು ಊಟಕ್ಕೆ ಹೋಗಿದ್ದೆ. ಬಂದು ನೋಡಿದರೆ ನಾಲ್ಕೂ ಸೇರಿ ಒಂದೇ ಆಗಿತ್ತು. ಬಿಡಿಸಲು ಹೋದಾಗ ಒಂದರ ಕೆಂಪು ಇನ್ನೊಂದರ ಬೆನ್ನಿಗೆ ಬಂತು. ತುಂಬಾ ಬೇಜಾರಾಯಿತು, ಅವುಗಳಲ್ಲೊಂದನ್ನು ಅಕ್ಕನ ಮನೆಗೆ ಅಂತ ಮಾಡಿದ್ದೆ.

ಗಾಜು ಹಾಕಿಸಿ, ಆದರೆ ಚಿತ್ರಕ್ಕೂ ಗಾಜಿಗೂ ನಡುವೆ ಜಾಗ ಇರಲಿ. ಫ್ರೇಮ್ ಅಂಗಡಿಯವರಿಗೆ 'ಮೌಂಟ್ ಬೋರ್ಡ್ ಎರಡು ಪದರ ಕೊಡಿ' ಅಂದರೆ ಅರ್ಥವಾಗುತ್ತದೆ. ಬಿಸಿಲು ನೇರ ಬೀಳುವ ಗೋಡೆ ಬೇಡ. ಚಳಿಗಾಲದಲ್ಲಿ ಮೇಲೆ ಬೂದಿ ಹಿಡಿದ ಹಾಗೆ ಬಿಳಿ ಪೊರೆ ಕಾಣಿಸಿದರೆ ಬೂಷ್ಟು ಅಂತ ಗಾಬರಿಯಾಗಬೇಡಿ, ಅದು ಮೇಣದ್ದೇ. ಮೆತ್ತನೆಯ ಹತ್ತಿ ಬಟ್ಟೆಯಲ್ಲಿ ಹಗುರವಾಗಿ ಉಜ್ಜಿದರೆ ಹೊಳಪು ಮರಳಿ ಬರುತ್ತದೆ.