ಸಬ್‌ವೂಫರ್ ಸದ್ಯಕ್ಕೆ ಬೇಡ

ಪ್ರಶ್ನೆ: ನಮ್ಮ ಮನ್ಯಾಗ 18 ವರ್ಷದ ಹಳೇ ಮಿನಿ ಸ್ಟಿರಿಯೊ ಐತ್ರಿ. ಎರಡೂ ಸ್ಪೀಕರ್ ಟಿವಿ ಶೋಕೇಸಿನ ಮೂಲ್ಯಾಗ ಇಟ್ಟೀವಿ. ಅಪ್ಪಾರು ಕುಮಾರ ಗಂಧರ್ವರ ಸಿಡಿ ಹಚ್ಚಿ ಕೇಳ್ತಾರ. ಈಗೀಗ ಬರೇ ಗುಂಯ್ ಅಂತೈತಿ, ಹಾಡಿನ ಮಾತು ತಿಳೀವಲ್ದು ಅಂತಾರ. 10,000 ರೂಪಾಯಿ ಕೂಡಿಸೀನಿ. ಅಂಗಡ್ಯಾವ್ರು ಸಬ್‌ವೂಫರ್ ಹಾಕ್ಸ್ರಿ ಅಂದ್ರು. ಹಾಕ್ಸ್ಲೇನ್ರಿ?
– ಓದುಗರು, ನವನಗರ, ಬಾಗಲಕೋಟೆ

ಉತ್ತರ: ಬೇಡ. ಗುಂಯ್‌ಗುಡುವುದೇ ನಿಮ್ಮ ತಕರಾರು. ಮಂದ್ರ ದನಿಯನ್ನಷ್ಟೇ ಹೊರಡಿಸುವ ಸಬ್‌ವೂಫರ್ ಅದನ್ನೇ ಹೆಚ್ಚಿಸೀತು. ಮೊದಲು ಯಂತ್ರದ ಮೇಲಿನ, ಮಂದ್ರ ಹೆಚ್ಚಿಸುವ ಬಾಸ್ ಗುಂಡಿ ಬಂದ್ ಮಾಡಿರಿ.

ಆಮೇಲೆ ಸ್ಪೀಕರುಗಳನ್ನು ಶೋಕೇಸಿನಿಂದ ಹೊರಗೆ ತೆಗೆಯಿರಿ. ಮೂಲೆಯಲ್ಲಿಟ್ಟಾಗ ಅಕ್ಕಪಕ್ಕದ ಗೋಡೆಗಳು ಸೇರಿ ಮಂದ್ರವನ್ನು ಉಬ್ಬಿಸುತ್ತವೆ, ಹಾಡಿನ ಅಕ್ಷರ ಅದರಡಿ ಮುಚ್ಚಿಹೋಗುತ್ತದೆ. ಎರಡು ಗಟ್ಟಿ ಸ್ಟೂಲಿನ ಮೇಲೆ, ಹಿಂದಿನ ಗೋಡೆಯಿಂದ ಒಂದೂವರೆ ಅಡಿ ಮುಂದೆ ಇಡಿರಿ. ಏರುಸ್ವರ ಹೊರಡಿಸುವ ಸಣ್ಣ ಟ್ವೀಟರ್ ಅಪ್ಪ ಕೂತಾಗಿನ ಕಿವಿಯ ಮಟ್ಟಕ್ಕೆ ಬರಲಿ. ಸ್ಪೀಕರುಗಳ ನಡುವೆ ಆರು ಅಡಿಯಿದ್ದರೆ ಅವರ ಕುರ್ಚಿಯೂ ಒಂದೊಂದರಿಂದ ಆರು ಅಡಿ ದೂರವಿರಲಿ.

ಇನ್ನು ಕೋಣೆ. ನಮ್ಮ ಬೆಳಗಾವಿಯ ಹತ್ತಿರದ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಕುಮಾರರ ಹಾಡು ನನಗೆ ಜೀವ, ಅದಕ್ಕೇ ಇದನ್ನು ಒತ್ತಿ ಹೇಳುತ್ತೇನೆ. ಕ್ಷಯದಿಂದ ಒಂದು ಶ್ವಾಸಕೋಶ ಕೆಲಸ ಬಿಟ್ಟ ಮೇಲೆ ಅವರು ಸಣ್ಣ ಸಣ್ಣ ಸ್ವರಗುಚ್ಛಗಳಲ್ಲಿ ಹಾಡಿದರು. ಒಂದು ಗುಚ್ಛಕ್ಕೂ ಇನ್ನೊಂದಕ್ಕೂ ನಡುವಿನ ಬಿಡುವಿನಲ್ಲಿ ತಂಬೂರಿಯಷ್ಟೇ ಉಳಿಯಬೇಕು. ಬರಿಗೋಡೆ, ಟೈಲ್ಸ್ ನೆಲದ ಕೋಣೆಯಲ್ಲಿ ಹಿಂದಿನ ಸ್ವರದ ಮಾರ್ದನಿ ಬಂದು ಆ ಬಿಡುವನ್ನೇ ತುಂಬಿಬಿಡುತ್ತದೆ. ನಡುಮನೆಯಲ್ಲಿ ನಿಂತು ಒಮ್ಮೆ ಚಪ್ಪಾಳೆ ತಟ್ಟಿರಿ. ಝಣ್ ಎಂದು ಮರಳಿದರೆ ನೆಲಕ್ಕೆ ದಪ್ಪ ಜಮಖಾನೆ ಹಾಸಿ, ಕುರ್ಚಿಯ ಹಿಂದಿನ ಗೋಡೆಗೆ ಅವ್ವನ ಹಳೇ ಕೌದಿ ತೂಗುಬಿಡಿರಿ. ಪದರ ಪದರವಾಗಿ ಹೊಲಿದ ಕೌದಿ ಏರುಸ್ವರದ ಮಾರ್ದನಿಯನ್ನು ಚೆನ್ನಾಗಿ ಹೀರುತ್ತದೆ. ನಮ್ಮ ಟಿಳಕವಾಡಿಯ ಮನೆಯಲ್ಲಿ ಎರಡು ಕೌದಿ ಕಟ್ಟಿದ ದಿನವೇ ತಬಲಾದ ಚಾಟಿ (ಬಲದ ಅಂಚಿನ ಪೆಟ್ಟು) ಬೇರೆ, ಬಾಯಾ (ಎಡದ ಮಂದ್ರ) ಬೇರೆ ಎಂದು ಕೇಳಿಸಿತು.

ಜಾಲರಿ ಬಿಚ್ಚಿ ದೊಡ್ಡ ಕೋನಿನ (ಕಂಪಿಸುವ ಪರದೆಯ) ಅಂಚನ್ನೂ ನೋಡಿರಿ. ಫೋಮಿನದಾದರೆ ಇಷ್ಟು ವರ್ಷಕ್ಕೆ ಪುಡಿಯಾಗಿರಬಹುದು, ಆಗ ಸ್ವರ ಒಡೆಯುತ್ತದೆ. ಅಂಚು ಬದಲಿಸಿದರೆ ಸಾಕು, ಹೊಸ ಸ್ಪೀಕರೇ ಬೇಕೆಂದಿಲ್ಲ. ಎರಡೂ ಕಡೆ ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು ತಂತಿಯೇ ಇರಲಿ. ಒಂದು ಕಡೆ ಅದಲುಬದಲಾದರೆ ಮಂದ್ರ ಸೊರಗುತ್ತದೆ, ದನಿ ನಡುವೆ ನಿಲ್ಲದೆ ಚದುರುತ್ತದೆ. ತಂತಿ ಸಾಧಾರಣ ತಾಮ್ರದ್ದು ಸಾಕು. ದುಬಾರಿ ಕೇಬಲ್ ಬೇಡವೇ ಬೇಡ.

ಇಷ್ಟಾಗಿ ಒಂದು ವಾರ ಕೇಳಿರಿ. ಮನಸ್ಸು ತುಂಬದಿದ್ದರೆ ಇಡೀ ಹಣವನ್ನು ಒಂದು ಜೋಡಿ ಒಳ್ಳೆಯ ‘ಬುಕ್‌ಶೆಲ್ಫ್’ ಎಂಬ ಸಣ್ಣ ಸ್ಪೀಕರಿಗೇ ಹಾಕಿರಿ. ಯಂತ್ರದ ಬೆನ್ನಿಗೆ 6 ಓಮ್ (ವಿದ್ಯುತ್ ತಡೆಯ ಅಳತೆ) ಎಂದು ಬರೆದಿದ್ದರೆ 6 ಅಥವಾ 8 ಓಮಿನದು ತನ್ನಿರಿ. 4 ಓಮಿನದಾದರೆ ಯಂತ್ರದೊಳಗಿನ ಆಂಪ್ಲಿಫೈಯರ್ ಬಿಸಿಯೇರುತ್ತದೆ. ಡಬ್ಬಿಯ ಮೇಲಿನ ವ್ಯಾಟಿಗಿಂತ ಸೆನ್ಸಿಟಿವಿಟಿ, ಅಂದರೆ ಕೊಟ್ಟ ಶಕ್ತಿಗೆ ಎಷ್ಟು ದನಿ ಬರುತ್ತದೆಂಬ ಅಳತೆ, ಕೇಳಿರಿ. 86 ಡೆಸಿಬೆಲ್ಲಿನ ಸ್ಪೀಕರಿಗೆ ಬೇಕಾದ ಶಕ್ತಿಯ ಅರ್ಧದಲ್ಲೇ 89ರದು ಅಷ್ಟೇ ದನಿ ಕೊಡುತ್ತದೆ, ನಿಮ್ಮ ಸಣ್ಣ ಯಂತ್ರಕ್ಕೆ ಅದೇ ಹೊಂದಿಕೆ. ಅಂಗಡಿಗೆ ಹೋಗುವಾಗ ಅಪ್ಪನನ್ನೂ ಅವರ ಸಿಡಿಯನ್ನೂ ಕರೆದೊಯ್ಯಿರಿ, ಅಲ್ಲಿಯ ಸಿನಿಮಾ ಹಾಡಿನ ಮೇಲೆ ಆರಿಸಬೇಡಿರಿ.